ಬಿಸಿಲಿಗೆ ಹಾರುವ ಬಣ್ಣಕ್ಕೂ ಒಂದು ಲೆಕ್ಕವಿದೆ

ರಾಣೆಬೆನ್ನೂರು ಸೀಮೆಯಲ್ಲಿ ಬೆಳೆ ಮೊಳಕಾಲುದ್ದ ಬಂತೆಂದರೆ ಹೊಲದ ಬದುವಿನ ಮೇಲೆ ಸೀರೆಗಳ ಬೇಲಿ ಏಳುತ್ತದೆ. ಕೃಷ್ಣಮೃಗ ಅಭಯಾರಣ್ಯ ಹತ್ತಿರದಲ್ಲೇ ಇದೆ. ಚಿಗರಿ, ಹಂದಿ ಒಳಗೆ ನುಗ್ಗದಿರಲೆಂದು ರೈತರು ಗೂಟ ನೆಟ್ಟು, ಮನೆಯಲ್ಲಿ ಉಟ್ಟು ಬಿಟ್ಟ ಸಿಂಥೆಟಿಕ್ ಸೀರೆಗಳನ್ನು ಉದ್ದಕ್ಕೂ ಎಳೆದು ಕಟ್ಟುತ್ತಾರೆ. ಕಟ್ಟಿದ ದಿನ ರಾಣಿ ಬಣ್ಣ, ಗಿಳಿಹಸಿರು, ನೇರಳೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತವೆ. ಸುಗ್ಗಿಯ ಹೊತ್ತಿಗೆ ಅವುಗಳಲ್ಲಿ ಹಲವು ಬಿಳಿಚಿಕೊಂಡಿರುತ್ತವೆ. ಅಂಥ ಒಂದು ಸೀರೆಯ ಗಂಟು ಬಿಚ್ಚಿ ನೋಡಬೇಕು. ಗೂಟಕ್ಕೆ ಬಿಗಿದ ಮಡಿಕೆಯ ಒಳಗೆ ರಾಣಿ ಬಣ್ಣ ಅಂಗಡಿಯಿಂದ ತಂದ ದಿನದ ಹಾಗೇ ಕೂತಿರುತ್ತದೆ. ಅಲ್ಲಿಂದ ಬೆರಳಗಲ ಈಚೆಗೆ ಅದೇ ಬಣ್ಣ ತೆಳುಗುಲಾಬಿ. ಇನ್ನೂ ಬೆರಳಗಲ ಈಚೆಗೆ ಮಾಸಲು ಬಿಳಿ.

ಗಂಟಿನ ಒಳಗಿನ ಬಟ್ಟೆಯೂ ಅದೇ ಮಳೆಯಲ್ಲಿ ನೆಂದಿದೆ, ಅದೇ ಗಾಳಿಗೆ ಒಣಗಿದೆ, ಅದೇ ಬೇಸಿಗೆಗೆ ಕಾದಿದೆ. ಅದಕ್ಕೆ ಸಿಗದೇ ಹೋದದ್ದು ಬೆಳಕು ಒಂದೇ. ಬಣ್ಣ ಕಳೆದದ್ದು ತೊಳೆತದಿಂದಲ್ಲ, ಹಳತಾದದ್ದರಿಂದಲೂ ಅಲ್ಲ, ಬೆಳಕಿನಿಂದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಪ್ರಯೋಗಾಲಯದಲ್ಲೂ ಸಿಗುವುದು ಕಷ್ಟ. ‘ಬಿಸಿಲಿಗೆ ಬಣ್ಣ ಹಾರೇ ಹಾರತದ’ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಯಾವ ಬಣ್ಣ ಎಷ್ಟು ಬೇಗ ಹಾರುತ್ತದೆ ಎಂಬುದು ಹಣೆಬರಹವಲ್ಲ. ಬಣ್ಣದ ಅಣು ಯಾವುದು, ಅದು ಯಾವ ಎಳೆಯಲ್ಲಿ ಎಲ್ಲಿ ಕೂತಿದೆ ಎಂಬುದರ ಮೇಲೆ ಅದು ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. ಅದನ್ನು ಅಳೆಯುವ ಅಂಕಿಯೂ ಇದೆ. ಆ ಅಂಕಿ ಕೊಳ್ಳುವವರ ಕೈಗೆ ಬರುತ್ತಿಲ್ಲ ಎಂಬುದೇ ನನ್ನ ತಕರಾರು.

ಮೊದಲು ಬಣ್ಣ ಹಾರುವುದೆಂದರೆ ಏನು ಎಂದು ನೋಡೋಣ. ಬಟ್ಟೆಯ ಬಣ್ಣವೆಂದರೆ ಬೆಳಕಿನ ಒಂದು ಭಾಗವನ್ನು ನುಂಗಿ ಉಳಿದದ್ದನ್ನು ನಮ್ಮ ಕಣ್ಣಿಗೆ ಕಳಿಸುವ ಅಣು. ಇಂಥ ಅಣುಗಳಲ್ಲಿ ಒಂದು ಬಿಟ್ಟು ಒಂದರಂತೆ ಜೋಡಿಬಂಧಗಳ ಸಾಲು ಇರುತ್ತದೆ. ಆ ಸಾಲಿನಲ್ಲಿ ಓಡಾಡುವ ಎಲೆಕ್ಟ್ರಾನುಗಳೇ ಬೆಳಕನ್ನು ಹೀರುವುದು. ಇಂದು ಬಳಕೆಯಲ್ಲಿರುವ ಬಣ್ಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ‘ಅಜೋ’ ಬಣ್ಣಗಳು. ಅವುಗಳ ನಡುವೆ ಎರಡು ನೈಟ್ರೋಜನ್ ಪರಮಾಣುಗಳ ಸೇತುವೆ ಇರುತ್ತದೆ. ಆ ಸೇತುವೆ ಮುರಿದರೆ ಸಾಲು ತುಂಡಾಗುತ್ತದೆ. ತುಂಡಾದ ಅಣು ಬಟ್ಟೆಯಲ್ಲೇ ಉಳಿದಿದ್ದರೂ ಕಣ್ಣಿಗೆ ಕಾಣುವ ಬೆಳಕನ್ನು ಹೀರಲಾರದು. ಬಣ್ಣ ಎಲ್ಲಿಗೂ ಹಾರಿಹೋಗಿಲ್ಲ, ಇದ್ದಲ್ಲೇ ಬಣ್ಣಗೆಟ್ಟಿದೆ.

ಅಣುವನ್ನು ಮುರಿಯುವ ಶಕ್ತಿ ಬೆಳಕಿಗೆ ಎಲ್ಲಿಂದ ಬರುತ್ತದೆ? ಇಂಗಾಲದ ಎರಡು ಪರಮಾಣುಗಳ ನಡುವಿನ ಒಂಟಿಬಂಧ ಕಡಿಯಲು ಪ್ರತಿ ಮೋಲ್‌ಗೆ ಸುಮಾರು 350 ಕಿಲೋಜೂಲ್ ಬೇಕು. 700 ನ್ಯಾನೋಮೀಟರಿನ ಕೆಂಪು ಬೆಳಕಿನಲ್ಲಿ ಇರುವುದು 170ರಷ್ಟು. 400 ನ್ಯಾನೋಮೀಟರಿನ ನೇರಳೆಯಲ್ಲಿ 300ರಷ್ಟು. 300 ನ್ಯಾನೋಮೀಟರಿನ ಅತಿನೇರಳೆ ಕಿರಣದಲ್ಲಿ 400ರಷ್ಟು. ನೆಲ ಮುಟ್ಟುವ ಬಿಸಿಲಿನ ಶಕ್ತಿಯಲ್ಲಿ ಅತಿನೇರಳೆಯ ಪಾಲು ನೂರಕ್ಕೆ ಐದರ ಆಸುಪಾಸು. ಪಾಲು ಚಿಕ್ಕದು, ಪೆಟ್ಟು ದೊಡ್ಡದು. ಹಾಗೆಂದು ಕಾಣುವ ಬೆಳಕು ನಿರಪರಾಧಿಯಲ್ಲ. ಜವಳಿ ಅಂಗಡಿಯ ಗಾಜು ತೀಕ್ಷ್ಣವಾದ ಅತಿನೇರಳೆ ಕಿರಣಗಳನ್ನು ತಡೆದರೂ ಉಳಿದವು ಒಳಬರುತ್ತವೆ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯ ಶೋಕೇಸಿನಲ್ಲಿ ಬಹಳ ದಿನ ಇಟ್ಟ ಸೀರೆಯ ಮಡಿಕೆಯ ಗೆರೆ ಬಿಳಿಚುವುದು ಇದರಿಂದಲೇ.

ಬೆಳಕು ನುಂಗಿದ ಅಣು ಪ್ರತಿ ಸಲವೂ ಮುರಿಯುವುದಿಲ್ಲ. ಬಹುಪಾಲು ಸಲ ಆ ಶಕ್ತಿಯನ್ನು ಬಿಸಿಯಾಗಿ ಹೊರಹಾಕಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಎಲ್ಲೋ ಅಪರೂಪಕ್ಕೊಮ್ಮೆ, ಉದ್ರಿಕ್ತ ಸ್ಥಿತಿಯಲ್ಲಿದ್ದಾಗಲೇ ಪಕ್ಕದಲ್ಲಿ ಆಮ್ಲಜನಕ ಸಿಕ್ಕಿತೋ, ಕೆಲಸ ಕೆಡುತ್ತದೆ. ಆಮ್ಲಜನಕ ಆ ಶಕ್ತಿಯನ್ನು ತಾನು ಪಡೆದು ಚುರುಕಾಗಿ ಬಣ್ಣದ ಸಾಲಿಗೇ ಕೈಹಾಕುತ್ತದೆ. ನೀರಿನ ಪಸೆ ಇದ್ದರೆ ಕೆಲಸ ಇನ್ನೂ ಸಲೀಸು. ಇಂಗ್ಲೆಂಡಿನ ರಸೆಲ್ ಮತ್ತು ಏಬ್ನಿ ಎಂಬ ವಿಜ್ಞಾನಿಗಳು ಚಿತ್ರಕಾರರ ಜಲವರ್ಣಗಳನ್ನು ಬೆಳಕಿಗಿಟ್ಟು ಪರೀಕ್ಷಿಸಿ 1888ರಲ್ಲಿ ಕೊಟ್ಟ ವರದಿಯಲ್ಲೇ ಇದು ಕಂಡಿತ್ತು: ಗಾಳಿ ತೆಗೆದ ಕೊಳವೆಯಲ್ಲಿಟ್ಟಾಗ ಹೆಚ್ಚಿನ ಬಣ್ಣಗಳು ಬೆಳಕಿಗೆ ಜಗ್ಗಲಿಲ್ಲ. ಬೆಳಕು, ಗಾಳಿ, ಪಸೆ ಮೂರೂ ಕೂಡಿದಾಗ ಬಣ್ಣ ಸೋಲುತ್ತದೆ. ಬೆವರಿದ ಅಂಗಿಯ ಹೆಗಲು ಮತ್ತು ಬೆನ್ನು ಮೊದಲು ಮಾಸುವುದರ ಹಿಂದೆಯೂ ಇದೇ ಕೂಟವಿದೆ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳಿಗೆ ಈ ಪಾಠ ಹೊಸದಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬೆಲೆ ನಿಂತಿರುವುದೇ ಕೆಂಪಿನ ಮೇಲೆ. ಆ ಕೆಂಪಿಗೆ ಕಾರಣವಾದ ಕ್ಯಾಪ್ಸಾಂಥಿನ್ ಕೂಡ ಜೋಡಿಬಂಧಗಳ ಉದ್ದ ಸಾಲೇ. ಬೆಳಕು, ಗಾಳಿಗೆ ಬಿಟ್ಟರೆ ಅದೂ ಬಿಳಿಚುತ್ತದೆ. ಅದಕ್ಕೇ ಮಾರಾಟವಾಗದ ಮಾಲು ಕತ್ತಲೆಯ ಶೀತಲಗೃಹ ಸೇರುತ್ತದೆ. ಅಲ್ಲಿ ಬಣ್ಣವನ್ನು ಯಂತ್ರದಲ್ಲಿ ಅಳೆದು ಅಂಕಿ ಬರೆದು ಬೆಲೆ ಕಟ್ಟುವ ಪದ್ಧತಿಯೂ ಇದೆ. ಮೆಣಸಿನಕಾಯಿಗೆ ಇರುವ ಈ ಮರ್ಯಾದೆ ಸೀರೆಯ ಬಣ್ಣಕ್ಕೆ ಇನ್ನೂ ಸಿಕ್ಕಿಲ್ಲ.

ಇನ್ನು ಎಳೆಯ ವಿಷಯ. ಹರಿಹರದ ಎದುರಿಗೆ, ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ಗ್ರಾಸಿಮ್ ಕಂಪನಿಯ ಹರಿಹರ ಪಾಲಿಫೈಬರ್ಸ್ 1972ರಲ್ಲಿ ಶುರುವಾಯಿತು. 1977ರಲ್ಲಿ ಪಕ್ಕದಲ್ಲೇ ಗ್ರಾಸಿಲೀನ್ ಘಟಕ ಬಂತು. ಮೊದಲನೆಯದು ನೀಲಗಿರಿಯಂಥ ಮರದಿಂದ ತಿರುಳು ಮಾಡುತ್ತದೆ, ಎರಡನೆಯದು ತಿರುಳಿನಿಂದ ವಿಸ್ಕೋಸ್ ಎಳೆ ಮಾಡುತ್ತದೆ. ತಿರುಳನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡುಗಳಿಂದ ಕರಗಿಸಿ, ಸಣ್ಣ ತೂತುಗಳ ಮೂಲಕ ಆಮ್ಲದ ತೊಟ್ಟಿಗೆ ಬಿಟ್ಟಾಗ ಅದು ಎಳೆಯಾಗಿ ಗಟ್ಟಿಯಾಗುತ್ತದೆ. ಇದನ್ನು ಮನುಷ್ಯ ಮಾಡಿದ್ದು ನಿಜ, ಆದರೆ ಪಾಲಿಯೆಸ್ಟರಿನ ಹಾಗೆ ಪೆಟ್ರೋಲಿಯಂನಿಂದ ಹುಟ್ಟಿದ್ದಲ್ಲ. ರಾಸಾಯನಿಕವಾಗಿ ಇದು ಹತ್ತಿಯ ಸೋದರ, ಎರಡೂ ಸೆಲ್ಯುಲೋಸ್. ಹತ್ತಿಗೆ ಹಿಡಿಯುವ ಬಣ್ಣಗಳೇ ವಿಸ್ಕೋಸಿಗೂ ಹಿಡಿಯುತ್ತವೆ. ಪಾಲಿಯೆಸ್ಟರಿಗೆ ಅವು ಹಿಡಿಯುವುದಿಲ್ಲ.

ಪಾಲಿಯೆಸ್ಟರಿನ ಎಳೆ ನೀರನ್ನು ಹತ್ತಿರ ಸೇರಿಸುವುದಿಲ್ಲ. ಅದಕ್ಕೆ ಬಣ್ಣ ಹಾಕಬೇಕಾದರೆ ನೀರಿನಲ್ಲಿ ಕರಗದ, ನುಣ್ಣಗೆ ಅರೆದ ‘ಡಿಸ್ಪರ್ಸ್’ ಬಣ್ಣಗಳನ್ನು ಒತ್ತಡದ ಪಾತ್ರೆಯಲ್ಲಿ 130 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಬೇಕು. ಆ ಶಾಖಕ್ಕೆ ಎಳೆ ಸಡಿಲಗೊಂಡು ಬಣ್ಣ ಒಳಗೆ ಹೊಗುತ್ತದೆ, ತಣಿದ ಮೇಲೆ ಒಳಗೇ ಸಿಕ್ಕಿಕೊಳ್ಳುತ್ತದೆ. ಬಿಗಿಯಾದ ಆ ಎಳೆಯೊಳಗೆ ಗಾಳಿ, ಪಸೆ ಸುಲಭವಾಗಿ ನುಸುಳಲಾರವು. ಹಾಗಾಗಿ ಸರಿಯಾದ ಬಣ್ಣ ಆರಿಸಿದರೆ ಪಾಲಿಯೆಸ್ಟರ್ ಬಿಸಿಲನ್ನು ಚೆನ್ನಾಗಿಯೇ ತಾಳುತ್ತದೆ. ಹೊಲದ ಬೇಲಿಯ ಸೀರೆ ಸೋತದ್ದು ಎಳೆಯ ದೋಷದಿಂದಲ್ಲ, ಅಗ್ಗಕ್ಕೆ ಸಿಕ್ಕ ಬಣ್ಣದಿಂದ ಮತ್ತು ತೆಳುವಾದ ಪ್ರಿಂಟಿನಿಂದ. ತೆಳು ಬಣ್ಣದಲ್ಲಿ ಅಣುಗಳು ಕಡಿಮೆ. ಹತ್ತು ಮುರಿದರೂ ಕಣ್ಣಿಗೆ ಕಾಣುತ್ತದೆ. ಗಾಢ ಬಣ್ಣದಲ್ಲಿ ಒತ್ತೊತ್ತಾಗಿ ಕೂತ ಅಣುಗಳು ಒಂದಕ್ಕೊಂದು ಮರೆಯಾಗುತ್ತವೆ.

ಎಳೆ ಬದಲಾದರೆ ಒಂದೇ ಬಣ್ಣದ ಆಯುಸ್ಸೂ ಬದಲಾಗುತ್ತದೆ. 1856ರಲ್ಲಿ ಹದಿನೆಂಟರ ವಿಲಿಯಂ ಪರ್ಕಿನ್ ತಯಾರಿಸಿದ ಮಾವ್ ಬಣ್ಣ ಮತ್ತು ಅದರ ಹಿಂದೆಯೇ ಬಂದ ‘ಬೇಸಿಕ್’ ಬಣ್ಣಗಳು ರೇಷ್ಮೆ, ಹತ್ತಿಯ ಮೇಲೆ ಝಗಝಗಿಸಿ ಬೇಗನೆ ಮಂಕಾದವು. ಸುಮಾರು ನೂರು ವರ್ಷದ ನಂತರ ಅಕ್ರಿಲಿಕ್ ಎಳೆ ಬಂದಾಗ ಅದೇ ಕುಲದ ಬಣ್ಣಗಳು ಅದರೊಳಗೆ ಹಲವು ಪಟ್ಟು ಬಾಳಿದವು. ಇನ್ನು ನಾವು ‘ನೈಲಾನ್ ಹಗ್ಗ’ ಎಂದು ಕೊಳ್ಳುವ ಹಗ್ಗಗಳಲ್ಲಿ ಬಹಳಷ್ಟು ಪಾಲಿಪ್ರೊಪಿಲೀನ್. ಅದಕ್ಕೆ ಅದ್ದಿ ಹಾಕುವ ಯಾವ ಬಣ್ಣವೂ ಸಾಮಾನ್ಯವಾಗಿ ಹಿಡಿಯದು. ಎಳೆ ತೆಗೆಯುವ ಮುನ್ನ ಕರಗಿದ ಪ್ಲಾಸ್ಟಿಕ್ಕಿಗೇ ಬಣ್ಣದ ಪುಡಿ ಕಲಸಬೇಕು. ವಿಸ್ಕೋಸ್, ಪಾಲಿಯೆಸ್ಟರುಗಳಲ್ಲೂ ಈ ವಿಧಾನ ಉಂಟು. ರೊಟ್ಟಿಯ ಹಿಟ್ಟಿಗೇ ಉಪ್ಪು ಕಲಸುವುದು ಬೇರೆ, ಬೆಂದ ರೊಟ್ಟಿಯ ಮೇಲೆ ಉದುರಿಸುವುದು ಬೇರೆ. ಹೀಗೆ ಒಡಲಲ್ಲೇ ಬಣ್ಣ ಹೊತ್ತು ಬಂದ ಎಳೆ ಬಿಸಿಲಿಗೂ ತೊಳೆತಕ್ಕೂ ಹೆಚ್ಚು ತಾಳುತ್ತದೆ.

ಎಳೆಯೊಳಗೆ ಇನ್ನೊಂದು ಗುಟ್ಟಿದೆ. ಕೃತಕ ಎಳೆಗಳು ಹುಟ್ಟಿನಿಂದ ಗಾಜಿನಂತೆ ಹೊಳೆಯುತ್ತವೆ. ಆ ಹೊಳಪು ತಗ್ಗಿಸಲು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಪುಡಿಯನ್ನು ಚಿಟಿಕೆಯಷ್ಟು ಸೇರಿಸುತ್ತಾರೆ. ಮಾರುಕಟ್ಟೆಯಲ್ಲಿ ‘ಬ್ರೈಟ್’, ‘ಡಲ್’ ಎಂದು ಎಳೆಗಳನ್ನು ವಿಂಗಡಿಸುವುದು ಇದರ ಮೇಲೆ. ಈ ಪುಡಿಯ ಒಂದು ರೂಪ ಅತಿನೇರಳೆ ಕಿರಣ ಬಿದ್ದಾಗ ಸುಮ್ಮನಿರುವುದಿಲ್ಲ. ಗಾಳಿ ಮತ್ತು ಪಸೆಯಿಂದ ಚುರುಕಾದ ಕಣಗಳನ್ನು ಹುಟ್ಟಿಸಿ ಬಣ್ಣವನ್ನೂ ಎಳೆಯನ್ನೂ ತಿನ್ನಿಸುತ್ತದೆ. ಪುಡಿಗೆ ಸರಿಯಾದ ಲೇಪ ಕೊಟ್ಟರೆ ಈ ಕಾಟ ತಗ್ಗುತ್ತದೆ. ಕೊಳ್ಳುವವರ ಕಣ್ಣಿಗೆ ಬೀಳದ ಇಂಥ ತೀರ್ಮಾನಗಳೇ ಸೀರೆಯ ಆಯುಸ್ಸನ್ನು ಬರೆಯುತ್ತವೆ.

ಬಸ್ ನಿಲ್ದಾಣದ ಗೋಡೆಗಳಲ್ಲಿ ಇದರ ಇನ್ನೊಂದು ಮುಖ ಕಾಣಬಹುದು. ಬಹಳ ದಿನ ಬಿಸಿಲು ತಿಂದ ಸಿನಿಮಾ ಪೋಸ್ಟರು, ಶುಭಾಶಯದ ಫ್ಲೆಕ್ಸು ಕೊನೆಗೆ ನೀಲಿಗೆ ತಿರುಗುತ್ತವೆ. ಮುಖಗಳೆಲ್ಲ ನೀಲಿ, ಹೂಮಾಲೆಯೂ ನೀಲಿ. ಅಚ್ಚಿನಲ್ಲಿ ಹಳದಿ, ಮೆಜೆಂಟಾ, ಸಯಾನ್, ಕಪ್ಪು ಎಂಬ ನಾಲ್ಕು ಶಾಯಿಗಳು ಸೇರಿ ಎಲ್ಲ ಬಣ್ಣ ಮೂಡುತ್ತವೆ. ಅಗ್ಗದ ಹಳದಿ, ಮೆಜೆಂಟಾಗಳು ಮೊದಲು ಸಾಯುತ್ತವೆ. ಸಯಾನ್ ಶಾಯಿಯಲ್ಲಿರುವುದು ಥ್ಯಾಲೊಸಯನೀನ್. ಸ್ಕಾಟ್ಲೆಂಡಿನ ಕಾರ್ಖಾನೆಯೊಂದರಲ್ಲಿ 1928ರಲ್ಲಿ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದ ಬಣ್ಣಗಳ ಕುಲ ಇದು; ಶಾಯಿಯ ನೀಲಿಯ ನಡುವೆ ತಾಮ್ರದ ಪರಮಾಣು ಇದೆ. ಬೆಳಕಿನಿಂದ ಪಡೆದ ಶಕ್ತಿಯನ್ನು ಅದು ಮುರಿಯದೇ ಬಿಸಿಯಾಗಿ ಹೊರಹಾಕಬಲ್ಲದು. ಕಪ್ಪು ಶಾಯಿಯ ಇಂಗಾಲವಂತೂ ಜಗ್ಗುವುದೇ ಇಲ್ಲ. ಒಂದೇ ಗೋಡೆ, ಒಂದೇ ಬಿಸಿಲು, ನಾಲ್ಕು ಶಾಯಿಗಳಿಗೆ ಬೇರೆ ಬೇರೆ ಆಯುಸ್ಸು.

ಅಂಗಡಿಯಲ್ಲಿ ನಾವು ಮಾಡುವ ಪರೀಕ್ಷೆ ಇದಕ್ಕೆ ಉಪಯೋಗವಿಲ್ಲ. ಒದ್ದೆ ಕರವಸ್ತ್ರದಿಂದ ಸೆರಗು ಉಜ್ಜಿ, ಬಣ್ಣ ಹತ್ತದಿದ್ದರೆ ‘ಗಟ್ಟಿ ಬಣ್ಣ’ ಎಂದು ಒಪ್ಪುತ್ತೇವೆ. ಅದು ತೋರಿಸುವುದು ನೀರಿಗೆ, ಉಜ್ಜಾಟಕ್ಕೆ ಬಣ್ಣ ಬಿಡುತ್ತದೋ ಇಲ್ಲವೋ ಎಂಬುದನ್ನು ಮಾತ್ರ. 1956ರಲ್ಲಿ ಮಾರುಕಟ್ಟೆಗೆ ಬಂದ ‘ರಿಯಾಕ್ಟಿವ್’ ಬಣ್ಣಗಳು ಹತ್ತಿ, ವಿಸ್ಕೋಸಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಎಷ್ಟು ತೊಳೆದರೂ ಬಿಡುವುದಿಲ್ಲ. ಅವುಗಳಲ್ಲೇ ಹಲವು ಬಿಸಿಲಿಗೆ ಮಧ್ಯಮ ದರ್ಜೆಯವು. ನೀರಿಗೆ ಗಟ್ಟಿ ಎಂದರೆ ಬೆಳಕಿಗೆ ಗಟ್ಟಿ ಎಂದಲ್ಲ.

ಬೆಳಕಿಗೆ ಬೇರೆಯೇ ಅಳತೆಗೋಲು ಇದೆ. ಎಂಟು ಬಗೆಯ ನೀಲಿ ಬಣ್ಣ ಹಾಕಿದ ಉಣ್ಣೆಯ ಪಟ್ಟಿಗಳನ್ನು ಪರೀಕ್ಷೆಯ ಬಟ್ಟೆಯ ಪಕ್ಕದಲ್ಲಿಟ್ಟು, ಎಲ್ಲವನ್ನೂ ಅರ್ಧ ಮುಚ್ಚಿ ಬಿಸಿಲಿಗೆ ಇಲ್ಲವೇ ಝೆನಾನ್ ದೀಪಕ್ಕೆ ಒಡ್ಡುತ್ತಾರೆ. ಬಟ್ಟೆ ಯಾವ ಪಟ್ಟಿಯ ಜೊತೆಜೊತೆಗೆ ಮಾಸಿತೋ ಆ ಅಂಕಿ ಅದಕ್ಕೆ. 1 ಎಂದರೆ ಕೆಲವೇ ದಿನದಲ್ಲಿ ಮಾಸುವುದು, 8 ಎಂದರೆ ಬಹುಕಾಲ ತಾಳುವುದು. ಒಂದೊಂದು ಮೆಟ್ಟಿಲಿಗೂ ತಾಳಿಕೆ ಹೆಚ್ಚುಕಡಿಮೆ ಇಮ್ಮಡಿ. 3ಕ್ಕೂ 6ಕ್ಕೂ ನಡುವೆ ಎಂಟು ಪಟ್ಟು ಅಂತರ. ಭಾರತೀಯ ಮಾನಕ ಬ್ಯೂರೋದಲ್ಲೂ ಹಗಲ ಬೆಳಕಿನ ಪರೀಕ್ಷೆಗೆ ಐಎಸ್ 686, ಝೆನಾನ್ ದೀಪದ ಪರೀಕ್ಷೆಗೆ ಐಎಸ್ 2454 ಎಂಬ ಮಾನಕಗಳಿವೆ. ರಫ್ತಿನ ಬಟ್ಟೆಗೆ ಹೊರದೇಶದ ಖರೀದಿದಾರರು ಈ ಅಂಕಿ ಕೇಳುತ್ತಾರೆ, ಮಿಲ್ಲುಗಳು ಕೊಡುತ್ತವೆ. ನಮ್ಮ ಸಂತೆಗೆ ಬರುವ ಸೀರೆಯ ಚೀಟಿಯಲ್ಲಿ ಆ ಅಂಕಿ ಕಾಣುವುದಿಲ್ಲ.

ಬಣ್ಣದ ಮಾತು ಬರೀ ಚೆಂದದ ಮಾತಲ್ಲ. ಅಂಗಳದ ಕೆಂಪು ಪ್ಲಾಸ್ಟಿಕ್ ಕುರ್ಚಿ, ನೀರಿನ ಕೊಡ ಬಿಳಿಚಿದಾಗ ಅದರ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ನೋಡಿ. ಸವರಿದ ಜಾಗದಲ್ಲಿ ಕೆಂಪು ಮರಳಿ ಬಂದರೆ ಬಣ್ಣ ಸತ್ತಿಲ್ಲ, ಪ್ಲಾಸ್ಟಿಕ್ಕಿನ ಮೈ ಒಡೆದಿದೆ ಎಂದರ್ಥ. ಕಣ್ಣಿಗೆ ಕಾಣದ ಬಿರುಕುಗಳು ಬೆಳಕನ್ನು ಚದುರಿಸಿ ಬಿಳಿ ತೋರಿಸುತ್ತವೆ, ಎಣ್ಣೆ ಆ ಬಿರುಕು ತುಂಬುತ್ತದೆ. ಎಣ್ಣೆ ಹಚ್ಚಿದರೂ ಬಣ್ಣ ಬಾರದಿದ್ದರೆ ಬಣ್ಣದ ಅಣುವೇ ಮುರಿದಿದೆ. ಮೈ ಒಡೆದ ಕುರ್ಚಿಯ ಮೇಲೆ ವಯಸ್ಸಾದವರನ್ನು ಕೂರಿಸಬಾರದು. ಅದರ ಕಾಲು ಯಾವಾಗ ಮುರಿಯುತ್ತದೋ ಹೇಳಲಾಗದು. ಮುಟ್ಟಿದರೆ ಬಿಳಿಪುಡಿ ಉದುರುವ ಹಗ್ಗದಲ್ಲಿ ಎತ್ತು ಕಟ್ಟಬಾರದು.

ರಾಣೆಬೆನ್ನೂರು ತಾಲ್ಲೂಕಿನ ಬೀಜೋತ್ಪಾದನೆಯ ರೈತರಿಗೆ ಇದು ಚೆನ್ನಾಗಿ ಗೊತ್ತು. ಟೊಮೆಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಬೆಳೆಯುವ ಅವರ ಪರದೆ ಮನೆಗಳ ನೆಟ್ಟು ಹರಿದರೆ ಹುಳ ಹೊಕ್ಕು ಬೆಳೆಯೇ ಹೋಗುತ್ತದೆ. ಅದಕ್ಕೆ ನೆಟ್ಟು ಕೊಳ್ಳುವಾಗ ‘ಯುವಿ ಎಷ್ಟು ವರ್ಷದ್ದು’ ಎಂದು ಕೇಳಿಯೇ ದುಡ್ಡು ಎಣಿಸುತ್ತಾರೆ. ಅತಿನೇರಳೆ ತಡೆಯುವ ರಾಸಾಯನಿಕ ಸೇರಿಸಿದ ನೆಟ್ಟಿಗೆ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಹನಿ ನೀರಾವರಿಯ ಪೈಪು ಕಪ್ಪಾಗಿರುವುದೂ ಸುಮ್ಮನಲ್ಲ; ಅದರಲ್ಲಿ ಬೆರೆಸಿದ ಇಂಗಾಲದ ಮಸಿ ಬೆಳಕನ್ನು ತಾನೇ ನುಂಗಿ ಪ್ಲಾಸ್ಟಿಕ್ಕನ್ನು ಕಾಯುತ್ತದೆ. ಕೇಳಿ ಕೊಳ್ಳುವ ಈ ರೂಢಿ ನೆಟ್ಟಿನಿಂದ ತಾಡಪತ್ರಿಗೂ ಶಾಲೆಯ ಚೀಲಕ್ಕೂ ಬರಬೇಕು.

ಹಾಗಾದರೆ ಎಲ್ಲ ಬಟ್ಟೆಗೂ 8ರ ಬಣ್ಣವೇ ಬೇಕೇ? ಬೇಡ. ಬೆಳಕಿಗೆ ಮುರಿಯದ ಅಣು ಹೊಳೆಯ ನೀರಿಗೆ ಸೇರಿದರೆ ಅಲ್ಲೂ ಬೇಗ ಮುರಿಯುವುದಿಲ್ಲ. ತುಂಗಭದ್ರೆಯ ಈ ದಂಡೆಯ ಜನರಿಗೆ ಕಾರ್ಖಾನೆಯ ನೀರಿನ ಪ್ರಶ್ನೆ ಎಂಥದ್ದೆಂದು ಹೇಳಿಕೊಡಬೇಕಿಲ್ಲ. 1980ರ ದಶಕದಲ್ಲಿ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನಾ ಸಮುದಾಯದ ಜೊತೆ ನಿಂತು ನದಿಗಾಗಿ ಹೋರಾಡಿದವರು ಅವರು. ಒಳಗೆ ಉಡುವ, ಕಪಾಟಿನಲ್ಲಿ ಇರುವ ಬಟ್ಟೆಗೆ 4 ಸಾಕು. ಹೊರಗೆ ಬಿಸಿಲಿಗೇ ಬಾಳಬೇಕಾದ ಬಟ್ಟೆಗೆ ಎಳೆಯ ಒಡಲಲ್ಲೇ ಬಣ್ಣ ಕಲಸುವ ವಿಧಾನ ಲೇಸು. ಅದರಲ್ಲಿ ಬಣ್ಣದ ತೊಟ್ಟಿಯೇ ಇರುವುದಿಲ್ಲವಾದ್ದರಿಂದ ನೀರೂ ಉಳಿಯುತ್ತದೆ, ಹೊಳೆಗೆ ಬಣ್ಣ ಹರಿಯುವುದೂ ತಪ್ಪುತ್ತದೆ.

ಈ ವಿವೇಕ ತುರ್ತಾಗಿ ಬೇಕಿರುವುದು ಬಾವುಟದ ವಿಷಯದಲ್ಲಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಮಾನಕ ಬ್ಯೂರೋದ ಕಟ್ಟುನಿಟ್ಟಿಗೆ ಒಳಪಟ್ಟು ರಾಷ್ಟ್ರಧ್ವಜ ತಯಾರಿಸುತ್ತದೆ. ನೂಲು, ಅಳತೆ, ಬಣ್ಣ ಎಲ್ಲವೂ ಅಲ್ಲಿ ಪರೀಕ್ಷೆಗೆ ನಿಲ್ಲಬೇಕು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು. 2022ರ ಜುಲೈಯಲ್ಲಿ ಮನೆಗಳ ಮೇಲೆ ಹಗಲೂ ರಾತ್ರಿ ಹಾರಿಸಲು ಅವಕಾಶವಾಯಿತು. ಬಟ್ಟೆ ಅಗ್ಗವಾಯಿತು, ಬಿಸಿಲಲ್ಲಿರುವ ಹೊತ್ತು ಹೆಚ್ಚಾಯಿತು, ಬಣ್ಣದ ಪರೀಕ್ಷೆ ಮಾತ್ರ ಜೊತೆಗೆ ಬರಲಿಲ್ಲ. ರಾಜ್ಯೋತ್ಸವಕ್ಕೆ ವೃತ್ತಗಳಲ್ಲಿ ಏರಿಸಿದ ಹಳದಿ-ಕೆಂಪು ಬಾವುಟಗಳ ಗತಿಯೂ ಅಷ್ಟೇ. ನವೆಂಬರಿನ ಕೆಂಪು ಏಪ್ರಿಲ್‌ನಲ್ಲಿ ಗುಲಾಬಿ. ಅಭಿಮಾನದಿಂದ ಏರಿಸಿದ್ದು ಕಣ್ಣೆದುರೇ ಬಿಳಿಚುವುದು ಬಿಸಿಲಿನ ತಪ್ಪಲ್ಲ, ಕೊಳ್ಳುವಾಗ ಕೇಳದ ನಮ್ಮೆಲ್ಲರ ತಪ್ಪು.

ಕೇಳುವುದು ಕಷ್ಟವೂ ಅಲ್ಲ. ಗ್ರಾಮ ಪಂಚಾಯಿತಿ ಬಾವುಟ ಕೊಳ್ಳುವಾಗ, ಶಾಲೆ ಸಮವಸ್ತ್ರ ತರಿಸುವಾಗ, ಕೃಷಿ ಇಲಾಖೆ ತಾಡಪತ್ರಿಗೆ ಟೆಂಡರ್ ಕರೆಯುವಾಗ ‘ಐಎಸ್ 2454ರ ಪ್ರಕಾರ ಬೆಳಕಿನ ತಾಳಿಕೆ ಇಷ್ಟಕ್ಕಿಂತ ಕಡಿಮೆ ಇರಬಾರದು’ ಎಂಬ ಒಂದು ಸಾಲು ಸೇರಿಸಿದರೆ ಸಾಕು. ಸರಬರಾಜು ಮಾಡುವವರು ತಾವೇ ದಾರಿಗೆ ಬರುತ್ತಾರೆ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಬಟ್ಟೆಯ ತುಂಡುಗಳನ್ನು ರಟ್ಟಿನಿಂದ ಅರ್ಧ ಮುಚ್ಚಿ ಮಾಳಿಗೆಯ ಮೇಲಿಟ್ಟು, ವಾರಕ್ಕೊಮ್ಮೆ ಮಕ್ಕಳಿಂದ ಗುರುತು ಹಾಕಿಸಬಹುದು. ಮನೆಯಲ್ಲಿ ಸೀರೆಯನ್ನು ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿದರೆ ಅದರ ಆಯುಸ್ಸು ಹೆಚ್ಚುವುದು ಖಂಡಿತ. ಆದರೆ ಎಲ್ಲ ಹೊರೆಯನ್ನೂ ಒಣಗಹಾಕುವ ಹೆಣ್ಣುಮಕ್ಕಳ ಮೇಲೆ ಹೊರಿಸುವುದು ನ್ಯಾಯವಲ್ಲ. ಎಳೆ ತೆಗೆಯುವವರಿಗೆ, ಬಣ್ಣ ಹಾಕುವವರಿಗೆ ಗೊತ್ತಿರುವ ಅಂಕಿ ದುಡ್ಡು ಕೊಡುವವರಿಗೂ ಗೊತ್ತಾಗಬೇಕು. ಬೆಲೆಯ ಚೀಟಿಯ ಮೇಲೆ ಅದನ್ನು ಅಚ್ಚು ಹಾಕಲು ಹೊಸ ವಿಜ್ಞಾನ ಬೇಕಿಲ್ಲ, ನಿಯಮವೊಂದು ಸಾಕು.